ಜಪಾನ್ ಸೀರೀಸ್: ಅಂಗಿಯ ಮೇಲಿನ ಹೆಸರಿನ ಬೆಲೆ

2025ರ ಅಕ್ಟೋಬರ್ 30ರ ರಾತ್ರಿ ಜಪಾನಿನ ಕೋಶಿಯೆನ್ ಮೈದಾನದಲ್ಲಿ ಹನ್ನೊಂದನೆಯ ಸುತ್ತಿನವರೆಗೂ ಬೆಳೆದ ಬೇಸ್‌ಬಾಲ್ ಪಂದ್ಯವೊಂದು ಮುಗಿದಾಗ, ಫುಕುವೊಕಾದ ಸಾಫ್ಟ್‌ಬ್ಯಾಂಕ್ ಹಾಕ್ಸ್ ತಂಡವು ಹ್ಯಾನ್ಶಿನ್ ಟೈಗರ್ಸ್ ತಂಡವನ್ನು 4–1 ಪಂದ್ಯಗಳ ಅಂತರದಿಂದ ಸೋಲಿಸಿ ಆ ದೇಶದ ವೃತ್ತಿಪರ ಬೇಸ್‌ಬಾಲಿನ ಚಾಂಪಿಯನ್ ಎನಿಸಿತು. ಗೆದ್ದ ತಂಡದ ಹೆಸರಿನಲ್ಲಿರುವುದು ದೂರಸಂಪರ್ಕ ಹಾಗೂ ಹೂಡಿಕೆಯ ಸಂಸ್ಥೆ. 2017ರಲ್ಲಿ ಬೆಂಗಳೂರಿನ ಫ್ಲಿಪ್‌ಕಾರ್ಟ್‌ನಲ್ಲಿ ಹಣ ತೊಡಗಿಸಿ ಮರುವರ್ಷವೇ ವಾಲ್‌ಮಾರ್ಟ್‌ಗೆ ತನ್ನ ಪಾಲನ್ನು ಮಾರಿದ ಸಾಫ್ಟ್‌ಬ್ಯಾಂಕ್ ಇದೇ. ಸೋತ ತಂಡದ ಹೆಸರಿನಲ್ಲಿರುವುದು ಒಂದು ರೈಲ್ವೆ ಕಂಪನಿ. ಜಪಾನಿನಲ್ಲಿ ಆಟದ ತಂಡಗಳು ಊರಿನ ಹೆಸರಿಗಿಂತ ಕಂಪನಿಯ ಹೆಸರಿನಿಂದಲೇ ಹೆಚ್ಚಾಗಿ ಗುರುತಿಸಲ್ಪಡುತ್ತವೆ. ಹೀಗಾಗಿ ಪ್ರತಿವರ್ಷ ಅಕ್ಟೋಬರ್ ಕೊನೆಯಲ್ಲಿ ನಡೆಯುವ ಜಪಾನ್ ಸೀರೀಸ್ ಕ್ರೀಡಾಭಿಮಾನಿಗಳಿಗೆ ಹಬ್ಬವಾದರೆ, ವ್ಯಾಪಾರಸ್ಥರಿಗೆ ಪಾಠಶಾಲೆ.

ಈ ಸರಣಿಯ ನಿಯಮ ಸರಳ. ಹನ್ನೆರಡು ತಂಡಗಳು ಸೆಂಟ್ರಲ್ ಮತ್ತು ಪೆಸಿಫಿಕ್ ಎಂಬ ಎರಡು ಲೀಗ್‌ಗಳಲ್ಲಿ ಆರಾರರಂತೆ ಹಂಚಿಹೋಗಿವೆ. ಎರಡೂ ಲೀಗ್‌ಗಳಿಂದ ಆಯ್ಕೆಯಾಗಿ ಬಂದ ಒಂದೊಂದು ತಂಡ ಏಳು ಪಂದ್ಯಗಳ ಸರಣಿಯಲ್ಲಿ ಎದುರಾಗುತ್ತವೆ. ಮೊದಲು ನಾಲ್ಕು ಪಂದ್ಯ ಗೆದ್ದವರು ವಿಜೇತರು. 1950ರಿಂದ ನಡೆದುಬಂದಿರುವ ಈ ಪದ್ಧತಿಯ ಹಿಂದೆ ಮುಕ್ಕಾಲು ಶತಮಾನದ ಜಮಾ-ಖರ್ಚಿನ ಕಥೆಯಿದೆ. ಸಂಸ್ಥೆಯ ಹೆಸರನ್ನು ಜನರ ನಾಲಗೆಯ ಮೇಲೆ ನಿಲ್ಲಿಸಲು ಮಾಡುವ ವೆಚ್ಚ ಯಾವಾಗ ಬಂಡವಾಳವಾಗುತ್ತದೆ, ಯಾವಾಗ ಬರಿಯ ಸೋರಿಕೆಯಾಗುತ್ತದೆ ಎಂಬ ಪ್ರಶ್ನೆಗೆ ಆ ಕಥೆಯಲ್ಲಿ ಉತ್ತರವಿದೆ.

ಮಾಲೀಕರ ಪಟ್ಟಿಯೇ ಕೈಗಾರಿಕಾ ಇತಿಹಾಸ

1950ರ ಮೊದಲ ಸರಣಿಯಲ್ಲಿ ಎದುರಾದವರು ಮಾಯ್ನಿಚಿ ಎಂಬ ಪತ್ರಿಕಾ ಸಂಸ್ಥೆಯ ತಂಡ ಮತ್ತು ಶೋಚಿಕು ಎಂಬ ಚಲನಚಿತ್ರ ಸಂಸ್ಥೆಯ ತಂಡ. ಪತ್ರಿಕೆಯವರು 4–2ರಿಂದ ಗೆದ್ದರು. ಅಂದು ಜಪಾನಿನಲ್ಲಿ ಹಣ ಮತ್ತು ಪ್ರಭಾವ ಎಲ್ಲಿತ್ತೆಂಬುದನ್ನು ಆ ಎರಡು ಹೆಸರುಗಳೇ ಹೇಳುತ್ತವೆ. ಅನಂತರ ರೈಲ್ವೆ ಕಂಪನಿಗಳ ಕಾಲ ಬಂದಿತು. ನಾನ್ಕಾಯ್, ಹಾನ್ಕ್ಯೂ, ಕಿಂತೆತ್ಸು, ನಿಶಿತೆತ್ಸು, ಹ್ಯಾನ್ಶಿನ್ ಎಲ್ಲವೂ ರೈಲು ಓಡಿಸುವ ಸಂಸ್ಥೆಗಳೇ. ಮೈದಾನಕ್ಕೆ ಬರುವ ಪ್ರೇಕ್ಷಕನು ಅದೇ ಕಂಪನಿಯ ರೈಲಿಗೆ ಟಿಕೆಟು ಕೊಳ್ಳುತ್ತಾನೆ, ಹಿಂದಿರುಗುವಾಗ ನಿಲ್ದಾಣದಲ್ಲಿರುವ ಅದೇ ಕಂಪನಿಯ ಅಂಗಡಿಯಲ್ಲಿ ಖರೀದಿ ಮಾಡುತ್ತಾನೆ ಎಂಬುದು ಅವರ ಲೆಕ್ಕವಾಗಿತ್ತು. ಮೀನುಗಾರಿಕೆಯ ತಾಯ್ಯೊ, ಚ್ಯೂಯಿಂಗ್ ಗಮ್ ಮಾಡುವ ಲೊತ್ತೆ, ಹುದುಗು ಹಾಲಿನ ಪಾನೀಯದ ಯಾಕುಲ್ಟ್, ಮಾಂಸ ಸಂಸ್ಕರಣೆಯ ನಿಪ್ಪಾನ್ ಹ್ಯಾಮ್ ಒಂದೊಂದಾಗಿ ಸೇರಿದವು. ಆಮೇಲೆ ಸೂಪರ್ ಮಾರ್ಕೆಟ್ ಸರಪಳಿಯ ದಾಯೆ, ಗುತ್ತಿಗೆ ಹಣಕಾಸಿನ ಓರಿಕ್ಸ್ ಬಂದವು. ಈ ಶತಮಾನದಲ್ಲಿ ಸಾಫ್ಟ್‌ಬ್ಯಾಂಕ್, ರಾಕುತೆನ್, ಡಿಎನ್ಎ ಎಂಬ ಮಾಹಿತಿ ತಂತ್ರಜ್ಞಾನದ ಸಂಸ್ಥೆಗಳು ಪ್ರವೇಶಿಸಿವೆ. ಇವುಗಳ ಪೈಕಿ ರಾಕುತೆನ್ ಬೆಂಗಳೂರಿನಲ್ಲಿಯೂ ತನ್ನ ತಂತ್ರಜ್ಞಾನ ಕೇಂದ್ರವನ್ನು ನಡೆಸುತ್ತಿದೆ.

ಸಂಸ್ಥೆಗಳು ಬಂದವು, ಹೋದವು. ತಂಡಗಳು ಕೈ ಬದಲಾಯಿಸುತ್ತ ಬಂದವು. ಲಯನ್ಸ್ ತಂಡವೊಂದನ್ನೇ ನೋಡಬಹುದು. 1958ರಲ್ಲಿ ನಿಶಿತೆತ್ಸು ರೈಲ್ವೆಯ ತಂಡವಾಗಿದ್ದಾಗ ಅದು ಮೊದಲ ಮೂರು ಪಂದ್ಯಗಳನ್ನು ಸೋತು, ಉಳಿದ ನಾಲ್ಕನ್ನೂ ಗೆದ್ದು ಯೊಮಿಯುರಿ ಜೈಂಟ್ಸ್ ತಂಡವನ್ನು ಮಣಿಸಿತ್ತು. ಆ ಗೆಲುವು ಇಂದಿಗೂ ದಂತಕಥೆ. ಆದರೆ ಒಂದೂವರೆ ದಶಕದೊಳಗೆ ರೈಲ್ವೆಯವರು ಕೈಬಿಟ್ಟರು. 1973ರಲ್ಲಿ ತಾಯ್ಹೆಯ್ಯೊ ಕ್ಲಬ್ ಎಂಬ ಹೆಸರು, 1977ರಲ್ಲಿ ಕ್ರೌನ್ ಲೈಟರ್ ಎಂಬ ಹೆಸರು ಬಂದು, 1979ರಲ್ಲಿ ಸೆಯ್ಬು ಸಮೂಹದ ಪಾಲಾಗಿ ತಂಡವು ಫುಕುವೊಕಾ ನಗರವನ್ನೇ ಬಿಟ್ಟುಹೋಯಿತು.

ನಷ್ಟಕ್ಕೆ ದೊರೆತ ಗೌರವದ ಹೆಸರು

ಕಂಪನಿಗಳು ಇಷ್ಟು ಧಾರಾಳವಾಗಿ ತಂಡಗಳನ್ನು ಸಾಕಿದ್ದಕ್ಕೆ ಒಂದು ಕಾರಣವು ತೆರಿಗೆಯ ಕಡತದಲ್ಲಿದೆ. 1954ರಲ್ಲಿ ಜಪಾನಿನ ರಾಷ್ಟ್ರೀಯ ತೆರಿಗೆ ಇಲಾಖೆಯು ಹೊರಡಿಸಿದ ಸುತ್ತೋಲೆಯ ಪ್ರಕಾರ, ವೃತ್ತಿಪರ ಬೇಸ್‌ಬಾಲ್ ತಂಡದ ನಷ್ಟವನ್ನು ತುಂಬಲು ಮಾತೃಸಂಸ್ಥೆಯು ಕೊಡುವ ಹಣವನ್ನು ಜಾಹೀರಾತು ವೆಚ್ಚವೆಂದು ಪರಿಗಣಿಸಬಹುದಾಗಿತ್ತು. ವೆಚ್ಚವೆಂದಾದ ಮೇಲೆ ಅದು ಲಾಭದಿಂದ ಕಳೆದುಹೋಗುತ್ತದೆ. ಅಷ್ಟರ ಮೇಲಿನ ತೆರಿಗೆ ಉಳಿಯುತ್ತದೆ. ಯುದ್ಧಾನಂತರದ ಬಡತನದಲ್ಲಿ ಆಟ ಉಳಿಯಲು ಈ ರಿಯಾಯಿತಿ ನೆರವಾಯಿತೆಂಬುದು ನಿಜ. ಆದರೆ ಅದು ಒಂದು ದುರಭ್ಯಾಸವನ್ನೂ ಬೆಳೆಸಿತು. ವರ್ಷದ ಕೊನೆಗೆ ಮಾತೃಸಂಸ್ಥೆಯು ಕಂದಕವನ್ನು ಮುಚ್ಚುತ್ತದೆ ಎಂದು ಖಾತ್ರಿಯಾಗಿದ್ದ ತಂಡಕ್ಕೆ ಟಿಕೆಟು ಮಾರುವ ಆತುರವೇಕೆ? ಶೌಚಾಲಯ ಶುಚಿಯಾಗಿಡುವ, ಮಕ್ಕಳನ್ನು ಕರೆತರುವ ಕುಟುಂಬಕ್ಕೆ ಅನುಕೂಲ ಮಾಡಿಕೊಡುವ ಶ್ರಮವೇಕೆ? ಪೆಸಿಫಿಕ್ ಲೀಗಿನ ಅನೇಕ ಮೈದಾನಗಳು ದಶಕಗಳ ಕಾಲ ಖಾಲಿ ಬಿದ್ದಿದ್ದವು. ಸೆಂಟ್ರಲ್ ಲೀಗಿನವರು ಜನಪ್ರಿಯ ಜೈಂಟ್ಸ್ ತಂಡದೊಡನೆ ಆಡುವ ಪಂದ್ಯಗಳ ದೂರದರ್ಶನ ಪ್ರಸಾರದ ಹಣವನ್ನು ನೆಚ್ಚಿಕೊಂಡು ಕುಳಿತಿದ್ದರು.

ಯಾವುದೇ ಲೆಕ್ಕಪತ್ರದಲ್ಲಿ ನಷ್ಟವನ್ನು ಪ್ರಚಾರದ ಬಾಬ್ತಿಗೆ ಬರೆದ ಮಾತ್ರಕ್ಕೆ ಅದು ಪ್ರಚಾರವಾಗುವುದಿಲ್ಲ. ಪ್ರಚಾರವೆಂದರೆ ಗಿರಾಕಿಯನ್ನು ಬಾಗಿಲಿಗೆ ತರಬೇಕು. ತರದಿದ್ದರೆ ಅದು ನಷ್ಟವೇ. ಈ ಸರಳ ಸತ್ಯವನ್ನು ಒಪ್ಪಿಕೊಳ್ಳಲು ಜಪಾನಿನ ಬೇಸ್‌ಬಾಲಿಗೆ ಐವತ್ತು ವರ್ಷ ಬೇಕಾಯಿತು.

ಗೆದ್ದರೂ ಉಳಿಯದವರು

ಸರಣಿಯನ್ನು ಗೆದ್ದರೆ ಸಂಸ್ಥೆ ಉದ್ಧಾರವಾಗುತ್ತದೆಂಬ ನಂಬಿಕೆಯನ್ನೂ ಇತಿಹಾಸ ಒಪ್ಪುವುದಿಲ್ಲ. ಹಾನ್ಕ್ಯೂ ತಂಡವು 1975, 1976, 1977ರಲ್ಲಿ ಸತತವಾಗಿ ಮೂರು ಸಲ ಗೆದ್ದಿತು. 1988ರಲ್ಲಿ ರೈಲ್ವೆಯು ಅದನ್ನು ಓರಿಕ್ಸ್‌ಗೆ ಮಾರಿತು. ಅದೇ ವರ್ಷ ನಾನ್ಕಾಯ್ ರೈಲ್ವೆಯೂ ತನ್ನ ಹಾಕ್ಸ್ ತಂಡವನ್ನು ದಾಯೆಗೆ ಮಾರಿತು. ದಾಯೆಯು ತಂಡವನ್ನು ಒಸಾಕಾದಿಂದ ಫುಕುವೊಕಾಕ್ಕೆ ಒಯ್ದಿತು. 1993ರಲ್ಲಿ ಅಲ್ಲಿ ಮೇಲ್ಛಾವಣಿಯುಳ್ಳ ಭವ್ಯ ಕ್ರೀಡಾಂಗಣ ತೆರೆಯಿತು. 1999ರಲ್ಲಿ ಮತ್ತು 2003ರಲ್ಲಿ ತಂಡವು ಜಪಾನ್ ಸೀರೀಸ್ ಗೆದ್ದಿತು. ಆದರೆ 2003ರ ಗೆಲುವಿನ ಮರುವರ್ಷವೇ ಸಾಲದ ಹೊರೆಯಿಂದ ಕುಸಿದ ಆ ಬೃಹತ್ ಸರಪಳಿಯು ಸರ್ಕಾರದ ಪುನಶ್ಚೇತನ ಸಂಸ್ಥೆಯ ಬಾಗಿಲು ತಟ್ಟಬೇಕಾಯಿತು. ತಂಡವು ಸಾಫ್ಟ್‌ಬ್ಯಾಂಕಿನ ಪಾಲಾಯಿತು. ಮನೆಯ ತೊಲೆಗೆ ಗೆದ್ದಲು ಹತ್ತಿರುವಾಗ ಹೆಬ್ಬಾಗಿಲಿಗೆ ತೋರಣ ಕಟ್ಟಿ ಪ್ರಯೋಜನವಿಲ್ಲ.

2004ನೆಯ ವರ್ಷವೇ ಈ ಪದ್ಧತಿಗೆ ಕನ್ನಡಿ ಹಿಡಿಯಿತು. ವರ್ಷಕ್ಕೆ ಸುಮಾರು 400 ಕೋಟಿ ಯೆನ್ ನಷ್ಟ ಅನುಭವಿಸುತ್ತಿದ್ದುದಾಗಿ ವರದಿಯಾಗಿದ್ದ ಕಿಂತೆತ್ಸು ತಂಡವು ಮೊದಲು ತನ್ನ ಹೆಸರನ್ನೇ ಬಾಡಿಗೆಗೆ ಕೊಡಲು ಹೊರಟು, ವಿರೋಧ ಬಂದಾಗ ಹಿಂದೆಗೆಯಿತು. ಜೂನ್ ತಿಂಗಳಲ್ಲಿ ಓರಿಕ್ಸ್ ತಂಡದೊಡನೆ ವಿಲೀನವಾಗುವುದಾಗಿ ಪ್ರಕಟವಾಯಿತು. ಮಾಲೀಕರಲ್ಲಿ ಕೆಲವರು ತಂಡಗಳ ಸಂಖ್ಯೆಯನ್ನು ಇನ್ನೂ ಇಳಿಸಿ ಒಂದೇ ಲೀಗ್ ಮಾಡುವ ಆಲೋಚನೆಯಲ್ಲಿದ್ದರು. ಆಟಗಾರರ ಸಂಘವು ಅತ್ಸುಯಾ ಫುರುತಾ ಅವರ ನೇತೃತ್ವದಲ್ಲಿ ಸೆಪ್ಟೆಂಬರ್ 18 ಮತ್ತು 19ರಂದು ಮುಷ್ಕರ ಹೂಡಿತು. ಜಪಾನಿನ ವೃತ್ತಿಪರ ಬೇಸ್‌ಬಾಲಿನಲ್ಲಿ ಅದೇ ಮೊದಲ ಮುಷ್ಕರ. ಪಂದ್ಯ ರದ್ದಾದರೂ ಅಭಿಮಾನಿಗಳು ಆಟಗಾರರ ಬೆನ್ನಿಗೆ ನಿಂತರು. ಗಿರಾಕಿಯು ಮಾಲೀಕನನ್ನು ಬಿಟ್ಟು ಕೆಲಸಗಾರನ ಪರ ನಿಲ್ಲುವ ದಿನ ಯಾವ ವ್ಯಾಪಾರಕ್ಕೂ ಎಚ್ಚರಿಕೆಯ ದಿನ. ಮಾಲೀಕರು ಮಣಿದರು. ಹೊಸ ತಂಡಗಳಿಗೆ ಅಡ್ಡಗೋಡೆಯಾಗಿದ್ದ 600 ಕೋಟಿ ಯೆನ್ ಪ್ರವೇಶ ಶುಲ್ಕವನ್ನು ಕೈಬಿಟ್ಟು, ಹಿಂದಿರುಗಿಸಬಹುದಾದ ಠೇವಣಿಯ ಪದ್ಧತಿಯನ್ನು ತಂದರು. ಕಿಂತೆತ್ಸು ತಂಡವಂತೂ ನಾಲ್ಕು ಸಲ ಜಪಾನ್ ಸೀರೀಸ್ ತಲುಪಿ ಒಮ್ಮೆಯೂ ಗೆಲ್ಲದೆ ಕಣ್ಮರೆಯಾಯಿತು.

ಹಿರೋಷಿಮಾದ ಪೀಪಾಯಿ

ಇದಕ್ಕೆ ತದ್ವಿರುದ್ಧವಾದ ಉದಾಹರಣೆ ಹಿರೋಷಿಮಾ ಕಾರ್ಪ್. ಅಣುಬಾಂಬಿನಿಂದ ಬೂದಿಯಾಗಿದ್ದ ನಗರದಲ್ಲಿ ನಾಲ್ಕೇ ವರ್ಷಗಳ ಅನಂತರ ಹುಟ್ಟಿದ ಈ ತಂಡದ ಬೆನ್ನಿಗೆ ಯಾವ ದೊಡ್ಡ ಕಂಪನಿಯೂ ಇರಲಿಲ್ಲ. 1951ರಲ್ಲಿ ಸಂಬಳ ಕೊಡಲೂ ಹಣವಿಲ್ಲದೆ, ಮತ್ತೊಂದು ತಂಡದೊಡನೆ ಸೇರಿಹೋಗುವ ಸ್ಥಿತಿ ಬಂದಾಗ ತಂಡದ ವ್ಯವಸ್ಥಾಪಕರು ನಾಗರಿಕರಲ್ಲಿ ಮೊರೆಯಿಟ್ಟರು. ಮೈದಾನದ ಬಾಗಿಲಿನಲ್ಲಿ ಸಾಕೆ ತುಂಬುವ ಮರದ ಪೀಪಾಯಿಯನ್ನು ಇರಿಸಲಾಯಿತು. ಬಂದವರು ತಮ್ಮ ಕೈಲಾದ ವಂತಿಗೆಯನ್ನು ಅದರಲ್ಲಿ ಹಾಕಿದರು. ತಂಡ ಉಳಿಯಿತು.

ಆ ತಂಡವು 1979ರಲ್ಲಿ ಜಪಾನ್ ಸೀರೀಸಿನ ಏಳನೆಯ ಪಂದ್ಯದಲ್ಲಿ ಎದುರಿಸಿದ್ದು ಅದೇ ಕಿಂತೆತ್ಸು ರೈಲ್ವೆಯ ತಂಡವನ್ನು. ಕೊನೆಯ ಸುತ್ತು, ಹಿರೋಷಿಮಾ 4–3ರಿಂದ ಮುಂದಿತ್ತು. ಎದುರಾಳಿಯ ಒಬ್ಬನೂ ಔಟಾಗದೆ ಮೂರೂ ನೆಲೆಗಳಲ್ಲಿ ಓಟಗಾರರು ನಿಂತಿದ್ದರು. ಯುತಾಕಾ ಎನಾತ್ಸು ಎಂಬ ಎಸೆತಗಾರ ಆ ಸುತ್ತಿನಲ್ಲಿ ಒಟ್ಟು 21 ಎಸೆತಗಳನ್ನು ಎಸೆದು, ಒಂದು ಓಟವನ್ನೂ ಬಿಟ್ಟುಕೊಡದೆ ಪಂದ್ಯ ಮುಗಿಸಿದರು. ಪೀಪಾಯಿಯ ಹಣದಿಂದ ಉಳಿದ ತಂಡ ಮೊದಲ ಬಾರಿಗೆ ದೇಶದ ಚಾಂಪಿಯನ್ ಆಯಿತು. 1980 ಮತ್ತು 1984ರಲ್ಲಿಯೂ ಗೆದ್ದಿತು.

ಮೋಟಾರು ವಾಹನ ತಯಾರಿಸುವ ಮಾಜ್ದಾ ಸಂಸ್ಥೆಗೆ ಈ ತಂಡದಲ್ಲಿ ಪಾಲಿದೆ, ಅದರ ಸ್ಥಾಪಕ ಮನೆತನಕ್ಕೂ ಪಾಲಿದೆ. ಆದರೂ ತಂಡವು ವರ್ಷದ ಕೊನೆಗೆ ಮಾತೃಸಂಸ್ಥೆಯ ಮುಂದೆ ಕೈಯೊಡ್ಡುವ ಪದ್ಧತಿಯನ್ನು ಇಟ್ಟುಕೊಳ್ಳಲಿಲ್ಲ. ಟಿಕೆಟು ಮತ್ತು ತಂಡದ ಕೆಂಪು ಬಣ್ಣದ ಸರಕುಗಳ ಮಾರಾಟದಿಂದ ತನ್ನ ಖರ್ಚನ್ನು ತಾನೇ ಸರಿದೂಗಿಸಿಕೊಂಡು ದಶಕಗಳ ಕಾಲ ಲಾಭದಲ್ಲಿಯೇ ನಡೆಯಿತು. ನಷ್ಟ ಕಂಡದ್ದು 2020ರ ಕೊರೊನಾ ಕಾಲದಲ್ಲಿ. ಇದಕ್ಕೆ ತೆತ್ತ ಬೆಲೆಯನ್ನು ಮರೆಮಾಚಬಾರದು. ಟೊಮೊಅಕಿ ಕಾನೆಮೊತೊ, ತಾಕಾಹಿರೊ ಅರಾಯ್ ಅವರಂಥ ತಾರೆಗಳು ಹ್ಯಾನ್ಶಿನ್ ತಂಡಕ್ಕೆ ಹೊರಟುಹೋದರು. 1984ರ ಅನಂತರ ಕಾರ್ಪ್ ಮತ್ತೆ ಜಪಾನ್ ಸೀರೀಸ್ ಗೆದ್ದಿಲ್ಲ. ಆದರೆ ಕಾರ್ಪ್ ಎಂಬ ಹೆಸರು ಅಳಿದಿಲ್ಲ, ಊರು ಬದಲಾಗಿಲ್ಲ. 1950ರಲ್ಲಿದ್ದ ಎಷ್ಟೋ ಶ್ರೀಮಂತ ತಂಡಗಳ ವಿಷಯದಲ್ಲಿ ಈ ಮಾತನ್ನು ಹೇಳಲಾಗದು.

ಸೆಂಡೈ ನಗರದ ಗೆಲುವು, ಮಾರುಕಟ್ಟೆಯ ಸೋಲು

2004ರ ಬಿಕ್ಕಟ್ಟಿನಿಂದ ಹುಟ್ಟಿದ ಹೊಸ ತಂಡ ಸೆಂಡೈ ನಗರದ ರಾಕುತೆನ್ ಈಗಲ್ಸ್. ಸೆಂಡೈ ಅಲ್ಲಿಯವರೆಗೆ ಬಾಡಿಗೆ ಮಳಿಗೆಯಂತಿತ್ತು. 1970ರ ದಶಕದಲ್ಲಿ ಲೊತ್ತೆ ತಂಡವು ಕೆಲವು ವರ್ಷ ಅಲ್ಲಿ ನೆಲೆಸಿ, 1974ರಲ್ಲಿ ಜಪಾನ್ ಸೀರೀಸ್ ಗೆದ್ದರೂ, ತನ್ನ ಪಾಲಿನ ಪಂದ್ಯಗಳನ್ನು ಟೋಕಿಯೊದಲ್ಲಿ ಆಡಿ, ಆಮೇಲೆ ಊರನ್ನೇ ಬಿಟ್ಟುಹೋಗಿತ್ತು. ರಾಕುತೆನ್ 2005ರ ತನ್ನ ಎರಡನೆಯ ಪಂದ್ಯದಲ್ಲಿಯೇ 26–0ರಿಂದ ಸೋತಿತು. ಆ ವರ್ಷ 38 ಪಂದ್ಯ ಗೆದ್ದು 97 ಸೋತಿತು. ಆದರೂ ಮೈದಾನದ ವ್ಯವಹಾರವನ್ನು ಶ್ರದ್ಧೆಯಿಂದ ನಡೆಸಿ ಮೊದಲ ವರ್ಷವೇ ಲಾಭ ತೋರಿಸಿತು. ಕೊನೆಯ ಸ್ಥಾನದ ತಂಡವೂ ಲಾಭ ಗಳಿಸಬಲ್ಲದೆಂಬುದು ಹಳೆಯ ಮಾಲೀಕರಿಗೆ ಕಹಿಯಾದ ಪಾಠ.

2011ರ ಮಾರ್ಚ್ 11ರ ಭೂಕಂಪ ಮತ್ತು ಸುನಾಮಿ ಆ ಪ್ರದೇಶವನ್ನು ನುಂಗಿದವು. ಎರಡೂವರೆ ವರ್ಷಗಳ ಬಳಿಕ, 2013ರ ನವೆಂಬರ್ 2ರಂದು, ಆ ಋತುವಿನ ಲೀಗ್ ಪಂದ್ಯಗಳಲ್ಲಿ 24 ಗೆಲುವು ಕಂಡು ಒಂದನ್ನೂ ಸೋಲದಿದ್ದ ಮಸಹಿರೊ ತನಾಕಾ ಜಪಾನ್ ಸೀರೀಸಿನ ಆರನೆಯ ಪಂದ್ಯದಲ್ಲಿ 160 ಎಸೆತ ಎಸೆದು ಸೋತರು. ಮರುದಿನವೇ ಏಳನೆಯ ಪಂದ್ಯದ ಕೊನೆಯ ಸುತ್ತಿಗೆ ಮತ್ತೆ ಬಂದು, ಇನ್ನೂ 15 ಎಸೆತ ಎಸೆದು, ಜೈಂಟ್ಸ್ ವಿರುದ್ಧ 3–0ರ ಗೆಲುವನ್ನು ಪೂರ್ಣಗೊಳಿಸಿದರು. ಮನೆಮಾರು ಕಳೆದುಕೊಂಡಿದ್ದ ಸಹಸ್ರಾರು ಜನರಿಗೆ ಆ ರಾತ್ರಿ ತಮ್ಮದೆಂಬ ಒಂದು ಸಂತೋಷ ದೊರೆಯಿತು.

ಅನಂತರದ ಸಂಗತಿಯನ್ನು ವರ್ತಕರು ವಿಶೇಷವಾಗಿ ಗಮನಿಸಬೇಕು. ಸರಣಿ ಗೆದ್ದ ತಂಡದ ಮಾತೃಸಂಸ್ಥೆಯು ರಿಯಾಯಿತಿ ಮಾರಾಟ ನಡೆಸುವುದು ಜಪಾನಿನ ಸಂಪ್ರದಾಯ. ರಾಕುತೆನ್ ತನ್ನ ಅಂತರಜಾಲ ಮಾರುಕಟ್ಟೆಯಲ್ಲಿ ತರಬೇತುದಾರ ಸೆನ್‌ಇಚಿ ಹೋಶಿನೊ ಅವರ ಅಂಗಿಯ ಸಂಖ್ಯೆಯಾದ 77ನ್ನು ನೆನಪಿಸುವಂತೆ ಶೇಕಡ 77ರಷ್ಟು ರಿಯಾಯಿತಿ ಎಂದು ಸಾರಿತು. ಆದರೆ ಅಲ್ಲಿನ ಕೆಲವು ಮಾರಾಟಗಾರರು ಸರಕಿನ ಮೂಲ ಬೆಲೆಯನ್ನು ಹುಸಿಯಾಗಿ ಏರಿಸಿ, ಅದರಿಂದ ಕಳೆದಂತೆ ತೋರಿಸಿ, ರಿಯಾಯಿತಿಯ ನಾಟಕವಾಡಿದ್ದು ಗಿರಾಕಿಗಳ ಕಣ್ಣಿಗೆ ಬಿತ್ತು. ಸಂಸ್ಥೆಯ ಮುಖ್ಯಸ್ಥರು ಸಾರ್ವಜನಿಕವಾಗಿ ಕ್ಷಮೆ ಕೇಳಬೇಕಾಯಿತು. ಒಬ್ಬ ಯುವಕನು 175 ಎಸೆತಗಳಲ್ಲಿ ಗಳಿಸಿಕೊಟ್ಟ ಹೆಸರಿಗೆ ಬೆಲೆಚೀಟಿಯ ಮೇಲಿನ ಒಂದು ಸುಳ್ಳು ಅಂಕಿ ಮಸಿ ಬಳಿಯಿತು. ಹೆಸರು ಮೈದಾನದಲ್ಲಿ ಗೆಲ್ಲುತ್ತದೆ. ಅದರ ಪರೀಕ್ಷೆ ಮಾತ್ರ ಗಲ್ಲಾಪೆಟ್ಟಿಗೆಯ ಮುಂದೆ.

ಹಣವಿದ್ದವನೇ ಗೆಲ್ಲುವುದಲ್ಲವೆ?

ಇಷ್ಟೆಲ್ಲ ಹೇಳಿದರೂ ಒಂದು ಆಕ್ಷೇಪ ಉಳಿಯುತ್ತದೆ. 2017ರಿಂದ 2020ರವರೆಗೆ ಸತತ ನಾಲ್ಕು ವರ್ಷ ಗೆದ್ದದ್ದು ಸಾಫ್ಟ್‌ಬ್ಯಾಂಕ್, 2025ರಲ್ಲಿ ಮತ್ತೆ ಗೆದ್ದದ್ದೂ ಅದೇ. ಕೊನೆಗೆ ಹಣವೇ ಅಲ್ಲವೆ ಮಾತಾಡುವುದು? ಆಕ್ಷೇಪದಲ್ಲಿ ಸತ್ಯಾಂಶವಿದೆ. ಆದರೆ ಆ ಹಣ ಎಲ್ಲಿ ಹೋಯಿತೆಂಬುದನ್ನೂ ನೋಡಬೇಕು. 2018ರ ಸರಣಿಯಲ್ಲಿ ಹಿರೋಷಿಮಾದ ಚುರುಕು ಓಟಗಾರರನ್ನು ಆರು ಸಲ ಔಟ್ ಮಾಡಿ ಸರಣಿಶ್ರೇಷ್ಠ ಎನಿಸಿದ ತಕುಯಾ ಕಾಯ್ ಕೊಂಡುತಂದ ತಾರೆಯಲ್ಲ. 2010ರಲ್ಲಿ ತರಬೇತಿ ಆಟಗಾರರ ಆಯ್ಕೆಯಲ್ಲಿ, ಎಲ್ಲರಿಗಿಂತ ಕೆಳಗಿನ ದರ್ಜೆಯಲ್ಲಿ ತಂಡ ಸೇರಿದವರು. ಅದೇ ವರ್ಷ, ಅದೇ ದರ್ಜೆಯಲ್ಲಿ ಸೇರಿದ ಕೊದಾಯ್ ಸೆಂಗಾ ತಂಡದ ಪ್ರಮುಖ ಎಸೆತಗಾರರಾದರು. ಸಾಫ್ಟ್‌ಬ್ಯಾಂಕ್ ಮೂರನೆಯ ಸಾಲಿನ ತಂಡವನ್ನೂ ಕಟ್ಟಿ, ಹುಡುಗರನ್ನು ವರ್ಷಗಟ್ಟಲೆ ತಿದ್ದಿತು. ಕಾರ್ಖಾನೆಯಲ್ಲಿ ಶಿಕ್ಷಾರ್ಥಿಯನ್ನು ಕುಶಲ ಕೆಲಸಗಾರನನ್ನಾಗಿ ಮಾಡುವ ಸಣ್ಣ ಉದ್ಯಮಿಗೆ ಈ ಲೆಕ್ಕ ಹೊಸತಲ್ಲ.

ಎರಡನೆಯದಾಗಿ, ಪೆಸಿಫಿಕ್ ಲೀಗಿನ ಆರೂ ತಂಡಗಳು 2007ರಲ್ಲಿ ಒಟ್ಟಾಗಿ ಒಂದು ಮಾರುಕಟ್ಟೆ ಕಂಪನಿಯನ್ನು ಸ್ಥಾಪಿಸಿದವು. ಮೈದಾನದಲ್ಲಿ ಎದುರಾಳಿಗಳು, ಮಾರಾಟದಲ್ಲಿ ಪಾಲುದಾರರು. ಒಂದು ಕಾಲಕ್ಕೆ ಬಡ ಸೋದರನೆನಿಸಿದ್ದ ಈ ಲೀಗಿನ ತಂಡಗಳು 2013ರಿಂದ 2020ರವರೆಗಿನ ಎಂಟೂ ಜಪಾನ್ ಸೀರೀಸ್‌ಗಳನ್ನು ಗೆದ್ದವು. ಇದಕ್ಕೆ ಆ ಕಂಪನಿಯೊಂದೇ ಕಾರಣವೆನ್ನಲಾಗದು. ಆದರೆ ಅಕ್ಕಪಕ್ಕದ ಅಂಗಡಿಯವರು ಕೂಡಿ ಪೇಟೆಯನ್ನು ಬೆಳೆಸಿದರೆ ಯಾರ ಗಿರಾಕಿಯೂ ಕಡಿಮೆಯಾಗುವುದಿಲ್ಲ ಎಂಬುದು ಸಾಬೀತಾಯಿತು.

ಮೂರನೆಯ ಉದಾಹರಣೆ ಯೊಕೊಹಾಮಾ. 2011ರ ಕೊನೆಯಲ್ಲಿ ಡಿಎನ್ಎ ಸಂಸ್ಥೆಯು ಕೊಂಡಾಗ ಆ ತಂಡದ ವಾರ್ಷಿಕ ಪ್ರೇಕ್ಷಕರು ಸುಮಾರು 11 ಲಕ್ಷ. ಹೊಸ ಮಾಲೀಕರು ಆಟಗಾರರ ಮೇಲೆ ಮಾತ್ರ ಹಣ ಸುರಿಯದೆ, 2016ರಲ್ಲಿ ಕ್ರೀಡಾಂಗಣ ನಡೆಸುವ ಕಂಪನಿಯನ್ನೇ ವಶಕ್ಕೆ ತೆಗೆದುಕೊಂಡರು. ಟಿಕೆಟು, ತಿಂಡಿ, ಜಾಹೀರಾತು ಫಲಕ ಎಲ್ಲದರ ಆದಾಯ ಒಂದೇ ಖಾತೆಗೆ ಬರತೊಡಗಿತು. 2018ರ ಹೊತ್ತಿಗೆ ಪ್ರೇಕ್ಷಕರು 20 ಲಕ್ಷ ದಾಟಿದರು. 2024ರಲ್ಲಿ, ಲೀಗಿನಲ್ಲಿ ಮೂರನೆಯ ಸ್ಥಾನದಲ್ಲಿದ್ದ ಇದೇ ತಂಡ, ಬಲಿಷ್ಠ ಸಾಫ್ಟ್‌ಬ್ಯಾಂಕನ್ನು 4–2ರಿಂದ ಸೋಲಿಸಿ 26 ವರ್ಷಗಳ ಬಳಿಕ ಜಪಾನ್ ಸೀರೀಸ್ ಗೆದ್ದಿತು.

ವರ್ತಕರ ಕಿರ್ದಿಗೆ

ಸಣ್ಣ ವ್ಯಾಪಾರಿ ಬೇಸ್‌ಬಾಲ್ ತಂಡವನ್ನು ಕೊಳ್ಳುವುದಿಲ್ಲ. ಆದರೆ ಊರ ಕಬಡ್ಡಿ ಪಂದ್ಯದ ಅಂಗಿಯ ಮೇಲೆ, ಜಾತ್ರೆಯ ಕಮಾನಿನ ಮೇಲೆ, ಶಾಲಾ ಕ್ರೀಡಾಕೂಟದ ಫಲಕದ ಮೇಲೆ ತನ್ನ ಅಂಗಡಿಯ ಹೆಸರು ಕಾಣಲೆಂದು ವರ್ಷವರ್ಷವೂ ಹಣ ಕೊಡುತ್ತಾನೆ. ಕೊಟ್ಟ ಹಣವನ್ನು ಪ್ರಚಾರದ ಬಾಬ್ತಿಗೆ ಬರೆದು ಮರೆಯುತ್ತಾನೆ. ಜಪಾನ್ ಸೀರೀಸಿನ ಚರಿತ್ರೆ ಅವನಿಗೆ ಮೂರು ಪ್ರಶ್ನೆಗಳನ್ನು ಕೇಳುತ್ತದೆ. ಕೊಟ್ಟ ಹಣದಿಂದ ಗಿರಾಕಿ ಬಂದನೆ, ಬರಿಯ ಹೆಸರು ಹಾರಾಡಿತೆ? ಹೆಸರು ಹಾಕಿದವನು ಕೈಬಿಟ್ಟ ದಿನವೂ ಆ ಕೂಟ ತನ್ನ ಕಾಲ ಮೇಲೆ ನಿಲ್ಲಬಲ್ಲದೆ? ಅಂಗಿಯ ಮೇಲೆ ಬರೆಸಿದ ಹೆಸರಿಗೆ ಅಂಗಡಿಯ ತೂಕ ಮತ್ತು ಬೆಲೆಚೀಟಿ ತಕ್ಕುದಾಗಿವೆಯೆ?

ಹಾನ್ಕ್ಯೂ, ದಾಯೆಯಂಥವರು ಗೆಲುವನ್ನು ಕಂಡರೂ ತಮ್ಮ ತಂಡವನ್ನು ಉಳಿಸಿಕೊಳ್ಳಲಿಲ್ಲ. ಪೀಪಾಯಿಯಲ್ಲಿ ಚಿಲ್ಲರೆ ಹಾಕಿದ ಹಿರೋಷಿಮಾದ ಜನರು ಹೆಚ್ಚು ಗೆಲುವನ್ನು ಕಾಣದಿದ್ದರೂ ತಂಡವನ್ನು ಉಳಿಸಿಕೊಂಡರು. ಗೆಲುವು ಮತ್ತು ಉಳಿವು ಎರಡೂ ಕೂಡಿ ಬಂದರೆ ಅದೃಷ್ಟ. ಒಂದನ್ನೇ ಆರಿಸಬೇಕಾಗಿ ಬಂದಾಗ, ತಲೆಮಾರುಗಳ ಅಂಗಡಿ ನಡೆಸುವವನು ಯಾವುದನ್ನು ಆರಿಸಬೇಕೆಂಬುದರಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಮುಂದಿನ ವಂತಿಗೆಯ ರಸೀದಿಗೆ ಸಹಿ ಹಾಕುವ ಮುನ್ನ ಹಿರೋಷಿಮಾದ ಆ ಪೀಪಾಯಿಯನ್ನು ನೆನೆದರೆ ಒಳಿತು.